ಒಂದು ಕಡೆಯ ಹಲ್ಲು ಮಾತ್ರ ಬಾರದಿದ್ದರೆ

ಉಡುಪಿ ಸುತ್ತಿನ ಶಾಲೆಗಳಿಗೆ ತಪಾಸಣೆಗೆ ಹೋದಾಗ ಹುಳುಕಿಗಿಂತ ಮೊದಲು ನಾನು ಗಮನಿಸುವುದು ಮುಂದಿನ ಹಲ್ಲುಗಳನ್ನು. ಮೇಲಿನ ಎರಡು ನಡುಹಲ್ಲುಗಳು 7-8 ವರ್ಷಕ್ಕೆ ಹೆಚ್ಚುಕಡಿಮೆ ಜೊತೆಯಾಗಿ ಬರುತ್ತವೆ. ಒಂದು ಬಂದು 6 ತಿಂಗಳಾದರೂ ಇನ್ನೊಂದರ ಜಾಗದಲ್ಲಿ ಹಾಲುಹಲ್ಲೇ ಗಟ್ಟಿಯಾಗಿ ಕೂತಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ‘ತಡವಾಗಿ ಬರ್ತದೆ ಬಿಡಿ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬ್ರಹ್ಮಾವರ ಕಡೆಯ 9 ವರ್ಷದ ಹುಡುಗಿಗೆ ನೋವೂ ಇರಲಿಲ್ಲ, ಬಾವೂ ಇರಲಿಲ್ಲ. ಬೆರಳಿಟ್ಟು ನೋಡಿದರೆ ಬಲಗಡೆ ಒಸಡಿನ ಮೇಲೆ ಮೂಳೆ ತುಸು ಉಬ್ಬಿತ್ತು. ಎಕ್ಸ್‌ರೇಯಲ್ಲಿ ಹಾಲುಹಲ್ಲಿನ ಬೇರಿಗೂ ಮೇಲೆ ಸಿಕ್ಕಿಕೊಂಡಿದ್ದ ಶಾಶ್ವತ ಹಲ್ಲಿಗೂ ನಡುವೆ ದಾಳಿಂಬೆ ಬೀಜ ಒತ್ತಿ ತುಂಬಿದ ಹಾಗೆ ಬಿಳಿ ಚೂರುಗಳು, ಸುತ್ತ ತೆಳುವಾದ ಕಪ್ಪು ಗೆರೆ. ಕಾಂಪೌಂಡ್ ಒಡೊಂಟೋಮ, ಅಂದರೆ ಪುಟ್ಟ ಹಲ್ಲುಗಳೇ ತುಂಬಿದ ಗಡ್ಡೆ.

“ಗಡ್ಡೆ ಅಂದ್ರೆ ಕ್ಯಾನ್ಸರಾ ಡಾಕ್ಟ್ರೇ?” ತಾಯಿಯ ಕೈ ನಡುಗುತ್ತಿತ್ತು.

“ಅಲ್ಲಮ್ಮ. ಹಲ್ಲು ಕಟ್ಟುವ ಅಂಗಾಂಶವೇ ದಾರಿ ತಪ್ಪಿ ಪುಟ್ಟ ಪುಟ್ಟ ಹಲ್ಲು ಮಾಡಿದೆ, ಅಷ್ಟೇ.”

2019ರಲ್ಲಿ ಚೆನ್ನೈಯಲ್ಲಿ 7 ವರ್ಷದ ಹುಡುಗನ ದವಡೆಯಿಂದ 526 ಹಲ್ಲು ತೆಗೆದ ಸುದ್ದಿಯನ್ನು ತಂದೆ ಓದಿದ್ದರು. ಅದೂ ಇದೇ ಜಾತಿಯದ್ದು, ಆದರೆ ಅಷ್ಟು ದೊಡ್ಡದಾಗುವುದು ಬಹಳ ಅಪರೂಪ ಎಂದು ಹೇಳಿದ ಮೇಲೆ ಅವರು ಉಸಿರು ಬಿಟ್ಟರು.

ಗಡ್ಡೆ ತುಟಿಯ ಕಡೆಗಿದೆಯೋ ಅಂಗುಳಿನ ಕಡೆಗೋ ಎಂದು ತಿಳಿಯಲು ಸಿಬಿಸಿಟಿ (ದವಡೆಯ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್) ಮಾಡಿಸಿದೆ. ತುಟಿಯ ಕಡೆಗಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಾಲುಹಲ್ಲು ಕಿತ್ತು, ಒಸಡು ಬಿಡಿಸಿ, ಸಲೈನ್ ಹರಿಸುತ್ತಾ ಮೇಲಿನ ತೆಳು ಮೂಳೆಯನ್ನು ಕೊರೆದೆ. ಈ ಕೆಲಸದಲ್ಲಿ ಆತುರ ಸಲ್ಲ. ಚೂರುಗಳನ್ನು ಸುತ್ತಿರುವ ಚೀಲ ಪೂರ್ತಿ ಬರಬೇಕು, ಆದರೆ ಅದರ ಹಿಂದೆಯೇ ಇರುವ ಶಾಶ್ವತ ಹಲ್ಲಿನ ಪೊರೆಗೆ ಉಪಕರಣ ತಾಗಬಾರದು. ಅಕ್ಕಿಕಾಳಿನಷ್ಟು ಚಿಕ್ಕ ಚೂರಿಗೂ ದಂತಕವಚ, ಬೇರು ಎಲ್ಲ ಇತ್ತು. ಹೊಲಿಗೆಗೆ ಮೊದಲು ಇನ್ನೊಂದು ಎಕ್ಸ್‌ರೇ ತೆಗೆದು ಒಂದೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡೆ. ನೋಡಿದರೇ ಗೊತ್ತಾಗುವಂತಿದ್ದರೂ ತೆಗೆದದ್ದನ್ನು ಬಯಾಪ್ಸಿಗೆ ಕಳಿಸದೆ ಬಿಡುವುದಿಲ್ಲ. ವರದಿ ನಿರೀಕ್ಷೆಯಂತೆಯೇ ಬಂತು. ಚೀಲಸಮೇತ ತೆಗೆದರೆ ಇದು ಮರಳುವುದು ತೀರಾ ಕಡಿಮೆ.

ಮೇಲೆ ಸಿಕ್ಕಿಕೊಂಡಿದ್ದ ಆ ಶಾಶ್ವತ ಹಲ್ಲಿನ ಬೇರು ಇನ್ನೂ ಬೆಳೆಯುತ್ತಿತ್ತು, ತಾನಾಗಿ ಇಳಿಯುವ ಶಕ್ತಿ ಉಳಿದಿತ್ತು. ಹಾಗಾಗಿ ಪಕ್ಕದ ಹಲ್ಲುಗಳು ವಾಲಿ ಜಾಗ ಮುಚ್ಚದಂತೆ ಹಾಕಿ-ತೆಗೆಯುವ ಪ್ಲೇಟು ಕೊಟ್ಟು ಕಾದೆ, ಹಲ್ಲು ಇಳಿಯಿತು. ಬೇರು ಪೂರ್ತಿಯಾದ ಮೇಲೆ ಬರುವ ದೊಡ್ಡ ಮಕ್ಕಳಲ್ಲಿ ಬರೀ ಕಾದರೆ ಸಾಲದಿರಬಹುದು. ಆಗ ಹಲ್ಲಿಗೆ ಬ್ರಾಕೆಟ್ ಅಂಟಿಸಿ, ಚೈನ್ ಕಟ್ಟಿ, ಕ್ಲಿಪ್ಪಿನ ಆಧಾರದಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಎಳೆಯಬೇಕಾಗುತ್ತದೆ.