ಹೊಸ ಪೌರರಿಗೆ: ಅಧ್ಯಕ್ಷರ ಚುನಾವಣೆಯಲ್ಲಿ ಮತ ನಿರ್ಧರಿಸುವ ಮುನ್ನ

ಅಮೆರಿಕದ ಪೌರತ್ವದ ಪ್ರಮಾಣವಚನ ಮುಗಿದ ಕೂಡಲೇ ಮತದಾರರ ನೋಂದಣಿ ಮಾಡಿಸಿ. ಕೊನೆಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇನ್ನೂ ಗ್ರೀನ್ ಕಾರ್ಡ್‌ನಲ್ಲಿರುವವರು (ಕಾಯಂ ವಾಸದ ಅನುಮತಿ ಇದ್ದು ಪೌರರಾಗದವರು) ಎಚ್ಚರ: ಮತದಾರರ ನೋಂದಣಿಯೂ ಆಗುವ ಡ್ರೈವಿಂಗ್ ಲೈಸೆನ್ಸ್ ಫಾರಂನಲ್ಲಿ 'ಪೌರರೇ?' ಎಂಬ ಪ್ರಶ್ನೆಗೆ ಅವಸರದಲ್ಲಿ ಹೌದು ಎಂದು ಗುರುತು ಹಾಕಿದರೆ ಪೌರತ್ವವೇ ಕೈತಪ್ಪಬಹುದು, ಗಡೀಪಾರಿನವರೆಗೂ ಹೋಗಬಹುದು.

ನಮ್ಮವರು ಹೆಚ್ಚಾಗಿ ಎಡವುವುದು ನೋಂದಣಿ ಫಾರಂನ ಪಕ್ಷದ ಕಾಲಂನಲ್ಲಿ. ಊರಲ್ಲಿ ಪಕ್ಷದ ಸದಸ್ಯ ಅಂದರೆ ಬಾವುಟ ಹಿಡಿದು ಓಡಾಡುವ ಕಾರ್ಯಕರ್ತ. ಅದು ನಮಗ್ಯಾಕೆ ಅಂತ ಖಾಲಿ ಬಿಡುತ್ತಾರೆ. ಆದರೆ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲೋರಿಡಾಗಳಲ್ಲಿ ಪಕ್ಷ ನಮೂದಿಸದವರಿಗೆ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಮೊದಲ ಸುತ್ತಿನ ಮತದಾನದಲ್ಲಿ, ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಹಕ್ಕಿಲ್ಲ. ಅಭ್ಯರ್ಥಿ ಯಾರಾಗಬೇಕೆಂದು ಬೇರೆಯವರು ತೀರ್ಮಾನಿಸಿದ ಮೇಲೆ ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ 'ಇಬ್ಬರೂ ಬೇಡ' ಎಂದು ನೊಂದುಕೊಳ್ಳುವುದು ಇದರಿಂದಲೇ. ನೋಟಾ ಗುಂಡಿಯೂ ಇಲ್ಲಿಲ್ಲ, ನೆವಾಡಾ ಒಂದನ್ನು ಬಿಟ್ಟು.

'ಕ್ಯಾಲಿಫೋರ್ನಿಯಾದಲ್ಲಿ ನನ್ನ ಒಂದು ಮತದಿಂದ ಏನಾಗುತ್ತೆ' ಎನ್ನುವವರೂ ಬಹಳ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳ ಪ್ರತಿನಿಧಿಗಳಾದ ಎಲೆಕ್ಟರ್‌ಗಳು; ಗೆಲ್ಲಲು ಒಟ್ಟು 538ರಲ್ಲಿ 270 ಬೇಕು. ಮೇನ್, ನೆಬ್ರಾಸ್ಕಾ ಬಿಟ್ಟರೆ ರಾಜ್ಯದಲ್ಲಿ ಮುಂದಿರುವವರಿಗೇ ಅಲ್ಲಿನ ಎಲ್ಲ ಎಲೆಕ್ಟರ್‌ಗಳೂ. 2000ರಲ್ಲಿ ಫ್ಲೋರಿಡಾದ 537 ಮತಗಳ ಅಂತರ ಅಧ್ಯಕ್ಷರನ್ನೇ ತೀರ್ಮಾನಿಸಿತು. ನಿಮ್ಮ ರಾಜ್ಯದಲ್ಲಿ ಅಷ್ಟು ಪೈಪೋಟಿ ಇಲ್ಲದಿದ್ದರೂ ಮತಪತ್ರ ಅಧ್ಯಕ್ಷರ ಸಾಲಿಗೇ ಮುಗಿಯುವುದಿಲ್ಲ.

ಆದ್ದರಿಂದ ಮೊದಲು ನಿಮ್ಮ ಚಿಂತೆ ಯಾವುದು, ಅದು ಯಾರ ಕೈಲಿದೆ ಎಂದು ನೋಡಿ. ಗ್ರೀನ್ ಕಾರ್ಡ್ ಸರದಿ ಇಷ್ಟುದ್ದ ಆಗಿರುವುದು ವರ್ಷದ ವೀಸಾಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ. ಅದು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು ಮಾಡಿದ ಕಾನೂನು. ಅಧ್ಯಕ್ಷರು ಎಷ್ಟೇ ಭರವಸೆ ಕೊಡಲಿ, ಒಬ್ಬರೇ ಅದನ್ನು ತೆಗೆದುಹಾಕಲಾರರು. ಹಾಗಾಗಿ ಅದರ ಎರಡು ಸದನಗಳಾದ ಸೆನೆಟ್, ಹೌಸ್ ಸಾಲುಗಳನ್ನೂ ಅಷ್ಟೇ ಗಮನವಿಟ್ಟು ಓದಿ. ಎಚ್-4ನಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಅವಲಂಬಿತ ವೀಸಾ) ಕೆಲವು ಸಂಗಾತಿಗಳಿಗೆ ಕೆಲಸದ ಅನುಮತಿ ಸಿಕ್ಕಿದ್ದು ಮಾತ್ರ 2015ರ ಸರ್ಕಾರಿ ನಿಯಮದಿಂದ. ಅದನ್ನು ಉಳಿಸುವುದೂ ಬದಲಿಸುವುದೂ ಅಧ್ಯಕ್ಷರ ಆಡಳಿತಕ್ಕೆ ಸಾಧ್ಯ. ಸುಪ್ರೀಂ ಕೋರ್ಟಿಗೆ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪಬೇಕು. ಮಕ್ಕಳ ಶಾಲೆಯ ಪಠ್ಯ, ರಜೆಗಳ ಪಟ್ಟಿ ಬಹುಮಟ್ಟಿಗೆ ಸ್ಥಳೀಯ ಶಾಲಾ ಮಂಡಳಿಯ ಕೈಲಿ. ದೀಪಾವಳಿಗೆ ಶಾಲೆ ರಜೆ ಕೊಡಲಿಲ್ಲವೆಂದು ಬೇಸರಪಡುವ ಮನೆಗಳಲ್ಲೇ ಮತಪತ್ರದ ಶಾಲಾ ಮಂಡಳಿ ಸಾಲು ಖಾಲಿ ಉಳಿಯುತ್ತದೆ.

ಮಾದರಿ ಮತಪತ್ರವನ್ನು ಚುನಾವಣಾ ಕಚೇರಿಯ ಜಾಲತಾಣದಿಂದ ಮುದ್ರಿಸಿ ಊಟದ ಮೇಜಿನ ಮೇಲಿಡಿ, ಮಕ್ಕಳ ಜೊತೆ ಓದಿ. ನಮಗೆ ಊರಿನ ಮತ ಹೋಯಿತು. ಓಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಅದನ್ನು ಮರಳಿ ಕೊಡುವುದಿಲ್ಲ. ಇಲ್ಲೇ ಹುಟ್ಟಿದ ಮಕ್ಕಳಿಗೆ ಇರುವುದು ಇದೊಂದೇ ಮತಪತ್ರ, ಅದನ್ನು ಓದುವ ಅಭ್ಯಾಸ ಮನೆಯಲ್ಲೇ ಆಗಬೇಕು.

ಪೌರತ್ವ ಪಡೆದ ಅಮ್ಮನಿಗೋ ಅತ್ತೆಗೋ ಇಂಗ್ಲಿಷ್ ಓದಲು ಬಾರದಿದ್ದರೆ ಅವರು ತಮಗೆ ಬೇಕಾದವರನ್ನು ಮತಗಟ್ಟೆಗೆ ಸಹಾಯಕ್ಕೆ ಕರೆದೊಯ್ಯಬಹುದು; ಅವರ ಕೆಲಸದ ಮಾಲೀಕರು, ಯೂನಿಯನ್ ಪ್ರತಿನಿಧಿಗಳು ಮಾತ್ರ ಆಗುವಂತಿಲ್ಲ. ಕನ್ನಡದಲ್ಲಿ ವಿವರಿಸಿ ಹೇಳಿ, ಆಯ್ಕೆ ಅವರದೇ ಆಗಿರಲಿ. ಅಂಚೆ ಮತವಾದರೆ ಲಕೋಟೆಯ ಸಹಿಯನ್ನು ಹಲವು ರಾಜ್ಯಗಳು ದಾಖಲೆಯ ಸಹಿಯೊಂದಿಗೆ ಹೋಲಿಸಿ ನೋಡುತ್ತವೆ. ದಾಖಲೆಯಲ್ಲಿ ಕನ್ನಡದಲ್ಲಿ ಸಹಿ ಮಾಡಿದ್ದರೆ ಲಕೋಟೆಯ ಮೇಲೂ ಕನ್ನಡದಲ್ಲೇ ಮಾಡಿಸಿ.