ಸ್ಲರಿ ತೊಟ್ಟಿಗೆ ಎಪಾಕ್ಸಿ ಬಳಿಯುವ ಮುನ್ನ

ಚಪ್ಪಡಿ ಮುಚ್ಚಿದ ನಮ್ಮ ಸ್ಲರಿ (ಸಗಣಿ, ಗಂಜಲ ಕಲೆತ ರಾಡಿ) ತೊಟ್ಟಿಯ ಗೋಡೆಯನ್ನು ಹೋದ ಬೇಸಿಗೆಯಲ್ಲಿ ಕರಣೆಯಿಂದ ಕೆರೆಸಿ ನೋಡಿದೆ. ಸ್ಲರಿ ನಿಲ್ಲುವ ಮಟ್ಟದ ಕೆಳಗೆ ಗಟ್ಟಿ. ಅದರ ಮೇಲಿನ ಒಂದು ಗೇಣು ಮಾತ್ರ ನೆನೆದ ಸೀಮೆಸುಣ್ಣದ ಹಾಗೆ ಉದುರಿತು. ಸಗಣಿಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಒದ್ದೆ ಗೋಡೆಗೆ ತಗುಲಿ, ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗುತ್ತದೆ. ಸಿಮೆಂಟನ್ನು ತಿನ್ನುವುದು ಅದೇ. ಗೋಡೆಯೊಳಗಿನ ಕಬ್ಬಿಣದ ಸರಳಿಗೆ ತಲುಪಿದರೆ ತುಕ್ಕು ಹಿಡಿದು ಗೋಡೆ ಸೀಳುತ್ತದೆ.

ಬರೀ ಸಿಮೆಂಟ್ ಹಾಲು ಬಳಿದರೆ ಸುಮ್ನೆ ದುಡ್ಡು ದಂಡ. ಅದೂ ಸಿಮೆಂಟೇ ಅಲ್ವಾ? ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಿದರೆ ಗಟ್ಟಿಯಾಗುವ ರಾಳ) ಅಥವಾ ಕಲ್ಲಿದ್ದಲ ಡಾಂಬರು ಬೆರೆಸಿದ ಕೋಲ್ ಟಾರ್ ಎಪಾಕ್ಸಿ ಎರಡು ಕೋಟ್ ಬೇಕು. ಹೊಸ ಕಾಂಕ್ರೀಟಾದರೆ 28 ದಿನ ಕಾಯಿರಿ. ಹಳೆಯದಾದರೆ ಮೆತ್ತಗಾದದ್ದನ್ನೆಲ್ಲ ಕೆತ್ತಿಸಿ, ತೊಳೆಸಿ, ಗಾರೆ ತುಂಬಿಸಿ. ಆಮೇಲೆ ಒಂದು ಮೊಳ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಒಳಗೆ ಬೆವರಿದ್ದರೆ ಗೋಡೆ ಒಣಗಿಲ್ಲ. ಬಳಿದರೂ ಸಿಪ್ಪೆಯಂತೆ ಏಳುತ್ತದೆ.

ಒಳಗೆ ಮಾತ್ರ ನೀವೇ ಇಳಿಯಬೇಡಿ. ಪೂರ್ತಿ ಖಾಲಿ ಮಾಡಿ, ಗಾಳಿ ಆಡಿಸಿ, ಅನಿಲ ಅಳೆಯುವ ಮೀಟರ್ ಇರುವವರನ್ನೇ ಕರೆಸಿ. ವಾಸನೆ ಇಲ್ಲ ಅಂತ ನಂಬುವ ಹಾಗಿಲ್ಲ, ಈ ಅನಿಲ ಜಾಸ್ತಿಯಾದರೆ ಮೂಗಿಗೆ ಗೊತ್ತೇ ಆಗುವುದಿಲ್ಲ.