ಒಂದು ಮ್ಯಾಚಲ್ಲಿ 84, ಮುಂದಿನದರಲ್ಲಿ 3: ಇಂಥ ಬ್ಯಾಟ್ಸ್‌ಮನ್ ಏನು ಮಾಡಬೇಕು?

ಬೆಂಗಳೂರಿನ ಯಾವ ಕ್ಲಬ್‌ಗೆ ಹೋದರೂ ಇಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ. ನೆಟ್ಸ್‌ನಲ್ಲಿ ಅವನು ಆಡುವಾಗ ಪಕ್ಕದ ನೆಟ್‌ನವರೂ ನಿಂತು ನೋಡುತ್ತಾರೆ. ಕವರ್ ಡ್ರೈವ್ ಹೊಡೆದರೆ ಬ್ಯಾಟಿನ ಸದ್ದೇ ಬೇರೆ. ಸ್ಕೋರ್ ಬುಕ್ ತೆಗೆದರೆ ಮಾತ್ರ 84, 3, 0, 22, 4, 61, 8. "ಟ್ಯಾಲೆಂಟ್ ಇದೆ, ಕನ್ಸಿಸ್ಟೆನ್ಸಿ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಏನು ಮಾಡಬೇಕು ಅಂತ ಹೇಳುವವರು ಕಮ್ಮಿ. ಈಗಷ್ಟೇ ಲೀಗ್ ಆಡಲು ಶುರು ಮಾಡಿರುವ ಹುಡುಗರಿಗೆ, ಅವರ ಅಪ್ಪ ಅಮ್ಮನಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅದರಲ್ಲಿ ರನ್ ಬರೆಯುವುದು ಬೇಡ, ಅದನ್ನು ಸ್ಕೋರರ್ ಬರೆದಿರುತ್ತಾರೆ. ನೀವು ಔಟಾದ ಬಾಲ್ ಬರೆಯಿರಿ, ಜೊತೆಗೆ ಅದಕ್ಕೂ ಮುಂಚಿನ ಆರು ಬಾಲ್ ಬರೆಯಿರಿ. ಇಡೀ ಕೆಲಸದ ಗುಟ್ಟು ಈ ಆರು ಬಾಲ್‌ನಲ್ಲೇ ಇದೆ ಅಂತ ನಾನು ನಂಬುತ್ತೇನೆ.

ಒಂದು ಉದಾಹರಣೆ ನೋಡೋಣ. ಹುಡುಗ 22 ರನ್ ಮಾಡಿ ಆಫ್ ಸ್ಪಿನ್ನರ್‌ಗೆ ಮಿಡ್ ಆನ್‌ನಲ್ಲಿ ಕ್ಯಾಚ್ ಕೊಟ್ಟ. "ಲೂಸ್ ಶಾಟ್" ಅಂತ ಕೋಚ್ ಬೈದರು, ಅವನೂ ಹಾಗೇ ಬರೆದುಕೊಂಡ. ಅದರಿಂದ ಏನೂ ಗೊತ್ತಾಗುವುದಿಲ್ಲ. ಹಿಂದಿನ ಆರು ಬಾಲ್ ಬರೆದರೆ ಕಥೆಯೇ ಬೇರೆ: ಐದು ಡಾಟ್ (ರನ್ ಬರದ ಬಾಲ್), ಇನ್ನೊಂದರಲ್ಲಿ ಸಿಂಗಲ್‌ಗೆ ಓಡಿದಾಗ ಪಾರ್ಟ್‌ನರ್ ವಾಪಸ್ ಕಳಿಸಿದ, ಅಷ್ಟರಲ್ಲಿ ಮಿಡ್ ವಿಕೆಟ್ ಫೀಲ್ಡರ್ ಒಳಗೆ ಬಂದು ನಿಂತಿದ್ದ. ಅಂದರೆ ಮೇಲೆ ಎತ್ತಿ ಹೊಡೆದಿದ್ದಕ್ಕೆ ಕಾರಣ ಅಹಂಕಾರ ಅಲ್ಲ. ಆಫ್ ಸ್ಪಿನ್‌ಗೆ ಒಂದು ರನ್ ತೆಗೆಯುವ ದಾರಿ ಅವನ ಹತ್ತಿರ ಇರಲಿಲ್ಲ, ಉಸಿರು ಕಟ್ಟಿದಂತಾಗಿ ದೊಡ್ಡ ಶಾಟ್‌ಗೆ ಹೋದ. ಈಗ ನೆಟ್ಸ್‌ನಲ್ಲಿ ಏನು ಮಾಡಬೇಕು ಅಂತ ಸ್ಪಷ್ಟ ಆಯ್ತಲ್ವಾ? ಒಂದು ವಾರ ಸ್ಪಿನ್ನರ್‌ಗಳ ಎದುರು ಬರೀ ಸಿಂಗಲ್. ಕೈ ಸಡಿಲ ಬಿಟ್ಟು ಬಾಲನ್ನು ಕಾಲ ಹತ್ತಿರವೇ ಕೆಡವುವುದು, ಸ್ವೀಪ್, ಕ್ರೀಸ್ ಬಿಟ್ಟು ಮುಂದೆ ಬಂದು ಲಾಂಗ್ ಆನ್ ಕಡೆ ತಳ್ಳುವುದು. ಬೌಂಡರಿ ಹೊಡೆಯಲೇಬಾರದು.

ಹತ್ತು ಹನ್ನೆರಡು ಇನ್ನಿಂಗ್ಸ್ ಬರೆದ ಮೇಲೆ ನೋಟ್‌ಬುಕ್ ತಾನಾಗೇ ಮಾತಾಡುತ್ತದೆ. 10 ರನ್ ಒಳಗೆ ಔಟಾಗುವವನ ತೊಂದರೆ ಬೇರೆ, 30ರ ಆಸುಪಾಸಿನಲ್ಲಿ ಔಟಾಗುವವನ ತೊಂದರೆ ಬೇರೆ. ಇಬ್ಬರಿಗೂ ಒಂದೇ ಔಷಧಿ ಕೊಡುವುದೇ ನಮ್ಮಲ್ಲಿ ಜಾಸ್ತಿ ನಡೆಯುವ ತಪ್ಪು.

10ರ ಒಳಗೆ ಔಟಾಗುವವರು ಇನ್ನಿಂಗ್ಸ್ ಶುರು ಮಾಡುವುದನ್ನೇ ಪ್ರಾಕ್ಟೀಸ್ ಮಾಡಬೇಕು. ನೆಟ್ಸ್‌ನಲ್ಲಿ ನಾವು ಒಂದು ಸಲ ಒಳಗೆ ಹೋದರೆ ಹದಿನೈದು ನಿಮಿಷ ಆಡುತ್ತೇವೆ, ಅದರಲ್ಲಿ ಶುರು ಅನ್ನುವುದು ಒಂದೇ ಸಲ, ಅದೂ ಹಳೇ ಬಾಲ್‌ನಲ್ಲಿ. ಅದರ ಬದಲು ಕೋಚ್‌ಗೆ ಹೇಳಿ ಹೊಸ ಬಾಲ್ ಹಿಡಿದ ಇಬ್ಬರು ಬೌಲರ್ ಎದುರು ಹತ್ತು ಬಾಲ್ ಆಡಿ, ಹೊರಗೆ ಬಂದು ಪ್ಯಾಡ್ ಕಟ್ಟಿಕೊಂಡೇ ಹತ್ತು ಹದಿನೈದು ನಿಮಿಷ ಕೂತು, ಮತ್ತೆ ಹೊಸದಾಗಿ ಗಾರ್ಡ್ (ಸ್ಟಂಪ್ ಮುಂದೆ ನಿಲ್ಲುವ ಜಾಗದ ಗುರುತು) ತೆಗೆದುಕೊಂಡು ಹತ್ತು ಬಾಲ್ ಆಡಿ. ಹೀಗೆ ಮೂರು ನಾಲ್ಕು ಸಲ. ಆಫ್ ಸ್ಟಂಪ್ ಹೊರಗಿನ ಬಾಲ್ ಬಿಡುವುದನ್ನು ಕೂಡ ಒಂದು ಶಾಟ್ ಥರ ಎಣಿಸಿ. ಬೇಜಾರಾಗುತ್ತದೆ, ಆದರೂ ಮಾಡಿ.

20, 30 ಹೊಡೆದು ಔಟಾಗುವವರು ಸಿಂಗಲ್ ಜೊತೆ ಇನ್ನೊಂದು ನೋಡಬೇಕು: ಡ್ರಿಂಕ್ಸ್ ಆದ ಮೇಲಿನ ಮೊದಲ ಓವರ್, ಬೌಲರ್ ಬದಲಾದ ಓವರ್, ಪಾರ್ಟ್‌ನರ್ ಔಟಾದ ಮೇಲಿನ ಓವರ್. ಸೆಟ್ ಆಗಿದ್ದೇನೆ ಅನ್ನುವ ಧೈರ್ಯದಲ್ಲಿ ಇಲ್ಲೇ ಮೈ ಮರೆಯುವುದು. ಈ ಮೂರು ಸಂದರ್ಭದಲ್ಲೂ ಗಾರ್ಡ್ ಮತ್ತೆ ತೆಗೆದುಕೊಳ್ಳಿ, ಸೊನ್ನೆಯಲ್ಲಿ ಇದ್ದೀರಿ ಅಂತಲೇ ಆಡಿ.

ಪಿಚ್ ಯಾವುದು ಅಂತಲೂ ಬರೆಯಿರಿ. ಮ್ಯಾಟ್ ಹಾಸಿದ ಪಿಚ್ ಮೇಲೆ ಬೌನ್ಸ್ ನಂಬಬಹುದು, ಕಟ್, ಪುಲ್ ಚೆನ್ನಾಗಿ ಕೂರುತ್ತವೆ. ಅದೇ ಹುಡುಗ ಬೆಳಗಿನ ತೇವ ಇನ್ನೂ ಆರದ ಟರ್ಫ್ (ಮಣ್ಣು, ಹುಲ್ಲಿನ) ವಿಕೆಟ್‌ನಲ್ಲಿ ಅದೇ ಧೈರ್ಯದಿಂದ ಬ್ಯಾಟ್ ಬೀಸಿದರೆ ಕೀಪರ್‌ಗೆ ಕ್ಯಾಚ್. ಇದು ಫಾರ್ಮ್ ಕೆಟ್ಟಿರುವುದಲ್ಲ, ಪಿಚ್ ಬದಲಾಗಿದ್ದು ತಲೆಗೆ ಹೋಗಿಲ್ಲ ಅಷ್ಟೇ.

ಇನ್ನು ಟೆಕ್ನಿಕ್. ಎರಡು ಡಕ್ ಆದ ತಕ್ಷಣ ಗ್ರಿಪ್ ಬದಲಿಸುವುದು, ಸ್ಟ್ಯಾನ್ಸ್ ಬದಲಿಸುವುದು, ಯೂಟ್ಯೂಬ್ ನೋಡಿ ಹೊಸ ಟ್ರಿಗರ್ ಮೂವ್‌ಮೆಂಟ್ (ಬಾಲ್ ಬರುವ ಮುಂಚೆ ಕಾಲು ಸರಿಸುವುದು) ಶುರು ಮಾಡುವುದು, ಕೊನೆಗೆ ಕೋಚನ್ನೇ ಬದಲಿಸುವುದು. ದಯವಿಟ್ಟು ಬೇಡ. ಕರ್ನಾಟಕದ ಓಪನರ್ ಮಯಾಂಕ್ ಅಗರ್ವಾಲ್ 2017ರ ರಣಜಿಯಲ್ಲಿ ಶಿವಮೊಗ್ಗದಲ್ಲಿ ಹೈದರಾಬಾದ್ ವಿರುದ್ಧ ಎರಡೂ ಇನ್ನಿಂಗ್ಸ್‌ನಲ್ಲಿ ಸೊನ್ನೆ. ಮುಂದಿನ ಮ್ಯಾಚ್ ಪುಣೆಯಲ್ಲಿ, ಮಹಾರಾಷ್ಟ್ರದ ಎದುರು, ಔಟಾಗದೆ 304. ಆ ರಣಜಿ ಸೀಸನ್‌ನಲ್ಲಿ ಅವರು ಒಟ್ಟು 1160 ರನ್ ಮಾಡಿದರು. ಎರಡು ಸೊನ್ನೆ ನೋಡಿ ಅವರನ್ನು ಕೂರಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಬದಲಿಸಲೇಬೇಕು ಅಂತಿದ್ದರೆ ಸೀಸನ್ ಮುಗಿದ ಮೇಲೆ ನಿಧಾನವಾಗಿ ಬದಲಿಸಿ. ರಾಬಿನ್ ಉತ್ತಪ್ಪ ಭಾರತಕ್ಕೆ ಆಡಿದ ಮೇಲೂ ಕೋಚ್ ಪ್ರವೀಣ್ ಆಮ್ರೆ ಹತ್ತಿರ ತಮ್ಮ ಬ್ಯಾಟಿಂಗ್ ಅನ್ನು ಹೊಸದಾಗಿ ಕಟ್ಟಿಕೊಂಡರು. ಫಲ ಸಿಗಲು ಬಹಳ ಕಾಲ ಹಿಡಿಯಿತು. 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು, ಎಲ್ಲರಿಗಿಂತ ಜಾಸ್ತಿ ರನ್ ಮಾಡಿದವರಿಗೆ ಕೊಡುವ ಆರೆಂಜ್ ಕ್ಯಾಪ್ ಗೆದ್ದರು.

ಶಾಟ್ ಆಯ್ಕೆಯ ವಿಷಯಕ್ಕೆ ಕೆ.ಎಲ್. ರಾಹುಲ್ ಅವರ ಮೊದಲ ಎರಡು ಟೆಸ್ಟ್ ನೋಡಿ. 2014ರ ಡಿಸೆಂಬರ್, ಮೆಲ್ಬರ್ನ್, 3 ಮತ್ತು 1. ಎರಡು ಸಲವೂ ಹೊಡೆಯಲು ಹೋಗಿ ಔಟ್. ಮುಂದಿನ ಟೆಸ್ಟ್ ಸಿಡ್ನಿಯಲ್ಲಿ ಓಪನಿಂಗ್ ಬಂದು ತಾಳ್ಮೆಯಿಂದ 110. ಕೆಲವೇ ವಾರಗಳಲ್ಲಿ ಬೆಂಗಳೂರಿನಲ್ಲಿ ಉತ್ತರ ಪ್ರದೇಶದ ಎದುರು 337, ರಣಜಿಯಲ್ಲಿ ಕರ್ನಾಟಕದ ಮೊದಲ ತ್ರಿಶತಕ. ಅಷ್ಟು ಕಮ್ಮಿ ಸಮಯದಲ್ಲಿ ಟೆಕ್ನಿಕ್ ಬದಲಾಗುವುದಿಲ್ಲ. ಯಾವ ಬಾಲ್‌ಗೆ ಹೊಡೆಯಬೇಕು, ಯಾವುದನ್ನು ಬಿಡಬೇಕು ಅನ್ನುವುದು ಬದಲಾಗಬಹುದು.

ಕ್ಲಬ್ ಆಯ್ಕೆ ಮಾಡುವಾಗ ಹೆಸರಿಗೆ ಮರುಳಾಗಬೇಡಿ. ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ಲೀಗ್‌ನಲ್ಲಿ ಫಸ್ಟ್ ಡಿವಿಷನ್ ಟೀಮಿನ ಹದಿನಾಲ್ಕನೇ ಆಟಗಾರನಾಗಿ ನೀರು ಕೊಡುವುದಕ್ಕಿಂತ ಮೂರನೇ ಡಿವಿಷನ್‌ನಲ್ಲಿ ಒನ್ ಡೌನ್ (ಮೂರನೇ ನಂಬರ್‌ನಲ್ಲಿ) ಆಡುವುದು ಎಷ್ಟೋ ವಾಸಿ. ನಿಮಗೆ ಈಗ ಬೇಕಾಗಿರುವುದು ಇನ್ನಿಂಗ್ಸ್. ಮಳೆಗಾಲದಲ್ಲಿ ಎಷ್ಟೋ ಮ್ಯಾಚ್ ತೊಳೆದುಹೋಗುತ್ತವೆ, ಉಳಿದಿದ್ದರಲ್ಲೂ ಬೆಂಚ್ ಮೇಲೆ ಕೂತರೆ ನೋಟ್‌ಬುಕ್‌ನಲ್ಲಿ ಬರೆಯಲು ಏನಿರುತ್ತದೆ?

ದೊಡ್ಡ ಸ್ಕೋರ್ ಬಂದಾಗಲೂ ಬರೆಯಿರಿ, ಆ ದಿನ ಯಾವ ಬಾಲ್‌ಗಳನ್ನು ಬಿಟ್ಟಿರಿ ಅಂತ. ಕರುಣ್ ನಾಯರ್ 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303 ಹೊಡೆದರು, ಅವರ ಮೂರನೇ ಟೆಸ್ಟ್ ಇನ್ನಿಂಗ್ಸ್ ಅದು. ಮುಂದಿನ ವರ್ಷವೇ ಟೀಮಿನಿಂದ ಹೊರಗೆ. ಆಮೇಲೆ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ, 2024-25ರ ವಿಜಯ್ ಹಜಾರೆ ಏಕದಿನ ಟ್ರೋಫಿಯಲ್ಲಿ ಐದು ಶತಕದ ಜೊತೆ 779 ರನ್ ಮಾಡಿ, 2025ರಲ್ಲಿ ಮತ್ತೆ ಟೆಸ್ಟ್ ಆಡಿದರು. ತ್ರಿಶತಕ ಹೊಡೆದವರ ಪಾಡೇ ಹೀಗಿರುವಾಗ ನಮ್ಮ ಒಂದು 84ಕ್ಕೆ ಯಾರೂ ಜಾಗ ಕಾಯ್ದಿರಿಸುವುದಿಲ್ಲ.

ಅಪ್ಪ ಅಮ್ಮನಿಗೆ ಒಂದೇ ಮಾತು. ಆಲೂರಿನಲ್ಲಿ ಮ್ಯಾಚ್ ಮುಗಿಸಿ ತುಮಕೂರು ರೋಡ್ ಟ್ರಾಫಿಕ್‌ನಲ್ಲಿ ಮನೆಗೆ ಬರುವಾಗ ಕಾರಿನಲ್ಲಿ ಆ ಔಟ್ ಬಗ್ಗೆ ಮಾತಾಡಬೇಡಿ. ಅಷ್ಟು ಹೊತ್ತು ಒಂದೇ ಸೀಟಿನಲ್ಲಿ ಕೂತು ಬೈಸಿಕೊಂಡ ಹುಡುಗ ಮುಂದಿನ ಮ್ಯಾಚ್‌ನಲ್ಲಿ ಔಟಾಗಬಾರದು ಅಂತಲೇ ಆಡುತ್ತಾನೆ, ರನ್ ಮಾಡಲು ಆಡುವುದಿಲ್ಲ. ಸುಮ್ನೆ ಊಟ ಏನು ಬೇಕು ಕೇಳಿ. ಮಾರನೇ ದಿನ ಅವನೇ ನೋಟ್‌ಬುಕ್ ತಂದು ತೋರಿಸಿದರೆ ನೋಡಿ, ತೋರಿಸದಿದ್ದರೆ ಅದನ್ನು ಕೋಚ್ ನೋಡಲಿ ಬಿಡಿ.